ಎಕ್ಸೆಲ್‌ನ ಖಾಲಿ ಸೆಲ್ (ಚೌಕ) ಅಂದ್ರೆ ಸೊನ್ನೆ ಅಲ್ಲ: ವಾರದ ಡೇಟಾ ಒಗಟು ಆ್ಯಪ್, 14 ತಿಂಗಳು ಬಳಸಿದ ಮೇಲೆ

ಭಾನುವಾರ ಬೆಳಗ್ಗೆ ಒಂದು ಎಕ್ಸೆಲ್ ಫೈಲ್ ಬರತ್ತೆ, ಜೊತೆಗೆ ಮೂರು ಪ್ರಶ್ನೆ, ಶನಿವಾರದೊಳಗೆ ಉತ್ತರ ಹಾಕ್ಬೇಕು, ಸರಿ ಇದ್ರೆ ಹಸಿರು ಟಿಕ್, ತಪ್ಪಿದ್ರೆ ಕೆಂಪು. ತಿಂಗಳಿಗೆ 149 ರೂಪಾಯಿ. ಉಳಿದಿದ್ದೆಲ್ಲ ಆ್ಯಪಿನವರ ಪೇಜಲ್ಲೇ ಇದೆ, ನೋಡಿರ್ತೀರಿ.

ನಾನಿರೋದು ಮುಂಬೈ ಹತ್ತಿರದ ಡೊಂಬಿವಲಿ, ಊರು ಕುಂದಾಪುರದ ಕಡೆ. ಮಸ್ಜಿದ್ ಬಂದರಿನ ಒಂದು ಹೋಲ್‌ಸೇಲ್ ಪೇಢಿಯಲ್ಲಿ (ವ್ಯಾಪಾರದ ಮಳಿಗೆ) ಸ್ಟಾಕ್ ಲೆಕ್ಕ ಬರೆಯೋ ಕೆಲಸ, ಇಪ್ಪತ್ತು ವರ್ಷದ ಮೇಲಾಯ್ತು. ಕೋರ್ಸಿಗೆ ಅಂತ ಸಾವಿರಗಟ್ಟಲೆ ಸುರಿಯೋ ಶಕ್ತಿ ಇಲ್ಲ, ದಿನಾ ಎರಡೂವರೆ ಗಂಟೆ ಲೋಕಲ್‌ನಲ್ಲೇ ಹೋಗತ್ತೆ, ಅದಕ್ಕೇ ವಾರಕ್ಕೊಂದು ಒಗಟು ಅಂದಾಗ ಇದು ನನಗಾಗೋದು ಅನ್ನಿಸ್ತು.

ಭಾನುವಾರ ಹೆಂಡತಿ ಮೀನು ತರೋಕೆ ಮಾರ್ಕೆಟ್ಟಿಗೆ ಹೋದ ಮೇಲೆ ಮಾಟುಂಗಾದಿಂದ ತಂದ ಕಾಫಿ ಪುಡಿ ಫಿಲ್ಟರಿಗೆ ಹಾಕ್ತೀನಿ, ಡಿಕಾಕ್ಷನ್ ಇಳಿಯೋ ತನಕ ಒಂದು ಸೂತ್ರನೂ ಹಾಕಲ್ಲ, ಫೈಲನ್ನ ಮೇಲಿಂದ ಕೆಳಗೆ ಬರೀ ಕಣ್ಣಲ್ಲಿ ಓದ್ತೀನಿ, ಆಮೇಲೆ ಹಳೇ ಡೈರಿಯಲ್ಲಿ ಪೆನ್ಸಿಲ್‌ನಲ್ಲಿ ಉತ್ತರ ಎಷ್ಟಿರಬಹುದು ಅಂತ ಅಂದಾಜು ಬರೆದಿಡ್ತೀನಿ. ಕಾಫಿ ಮುಗಿದ ಮೇಲೇ ಲೆಕ್ಕ. ಮೊದಮೊದಲು ಅಂದಾಜು ಎಲ್ಲೆಲ್ಲೋ ಹೋಗ್ತಿತ್ತು, ಈಗ ಉತ್ತರದ ಹತ್ತಿರಕ್ಕೆ ಬರತ್ತೆ. ಈ ಒಂದು ಅಭ್ಯಾಸಕ್ಕೇ 149 ರೂಪಾಯಿ ಕೊಡಬಹುದು ನೋಡಿ.

ಈರುಳ್ಳಿ ರೇಟು, ಕರೆಂಟ್ ಬಿಲ್ಲು, ಲೋಕಲ್ ಟೈಮ್‌ಟೇಬಲ್, ಎಲ್ಲ ನಮ್ಮ ಸುತ್ತಮುತ್ತಲಿದ್ದೇ ಕೊಡ್ತಾರೆ. ಆದ್ರೆ ನನ್ನ ಮನಸ್ಸಿಗೆ ನಾಟಿದ್ದು ಮಳೆ ಒಗಟು. 2005ರ ಜುಲೈ, ಮುಂಬೈಯ ಸಾಂತಾಕ್ರೂಜ್ ಮತ್ತು ಕೊಲಾಬಾ, ಮಳೆ ಅಳೆಯೋ ಎರಡು ಕೇಂದ್ರದ ದಿನದ ಮಳೆ. ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ., ಅದೇ ದಿನ ಕೊಲಾಬಾದಲ್ಲಿ 73. ಸರಾಸರಿ ತೆಗೆದ್ರೆ 508 ಚಿಲ್ಲರೆ, ಅಷ್ಟು ಮಳೆ ಈ ಎರಡೂ ಕಡೆ ಬಿದ್ದಿಲ್ಲ. ಆ ದಿನ ನಾನು ಪೇಢಿ ಬಿಡುವಾಗ ಅಂಥಾ ಮಳೆನೇ ಇರಲಿಲ್ಲ, ಕುರ್ಲಾ ಹತ್ತಿರ ಬರೋ ಹೊತ್ತಿಗೆ ಗಾಡಿ ನಿಂತೇ ಹೋಯ್ತು, ರಾತ್ರಿಯಿಡೀ ಬೋಗಿಯಲ್ಲೇ ಕೂತಿದ್ವಿ. ನಮ್ಮ ಪೇಢಿ ಇರೋದು ಕೊಲಾಬಾ ಕಡೆ, ಕುರ್ಲಾ ಸಾಂತಾಕ್ರೂಜ್ ಕಡೆ. ಒಂದೇ ಮುಂಬೈಯಲ್ಲಿ ಅದು ಹೇಗೆ ಅಂತ ಇಷ್ಟು ವರ್ಷ ಆದ ಮೇಲೆ ಎರಡು ಕಾಲಂ ನೋಡಿ ಅರ್ಥ ಆಯ್ತು, ಸುಮಾರು ಹೊತ್ತು ಹಾಗೇ ಕೂತಿದ್ದೆ.

ಇನ್ನೊಂದು. ಆ ಮಳೆ ಬಿದ್ದಿದ್ದು ಅಂತ ಎಲ್ಲರೂ ಹೇಳೋದು 26 ಜುಲೈ, ಫೈಲಲ್ಲಿ 944 ಇದ್ದಿದ್ದು 27ರ ಎದುರು. ತಪ್ಪು ಹಾಕಿದಾರೆ ಅಂದ್ಕೊಂಡೆ. ಹವಾಮಾನ ಇಲಾಖೆ ಮಳೆ ಅಳೆಯೋದು ಬೆಳಗ್ಗೆ 8.30ಕ್ಕೆ, ಹಿಂದಿನ 24 ಗಂಟೆಯಲ್ಲಿ ಬಿದ್ದಿದ್ದನ್ನ ಅಳೆದ ದಿನದ ತಾರೀಕಿಗೆ ಬರೀತಾರೆ ಅಂತ ಉತ್ತರದ ಜೊತೆ ಬಂದ ವಿವರಣೆಯಲ್ಲಿ ಇತ್ತು. ಆಗ ವಿವರಣೆ ಅಷ್ಟು ಚೆನ್ನಾಗಿ ಬರೀತಿದ್ರು.

ಎಂಟು ತಿಂಗಳಾದ ಮೇಲೆ ವಿವರಣೆ ನಿಂತು ಹೋಯ್ತು, ಬರೀ ಟಿಕ್ ಉಳೀತು. ಅಲ್ಲಿಂದ ನನ್ನ ತಕರಾರು ಶುರು.

ಒಂದು ಹೌಸಿಂಗ್ ಸೊಸೈಟಿಯ ನೀರಿನ ಲೆಕ್ಕ ಕೊಟ್ಟಿದ್ರು, 30 ದಿನ, ಅದರಲ್ಲಿ ನಾಲ್ಕು ದಿನ ಖಾಲಿ, ಪಕ್ಕದಲ್ಲಿ ವಾಚ್‌ಮನ್ ರಜೆ ಅಂತ ಷರಾ. ಒಟ್ಟು 1,14,400 ಲೀಟರ್, ದಿನದ ಸರಾಸರಿ ಎಷ್ಟು ಅಂತ ಪ್ರಶ್ನೆ. 26 ದಿನಕ್ಕೆ ಭಾಗಿಸಿದೆ, ದಿನಕ್ಕೆ 4,400. ಕೆಂಪು. ಅವರ ಉತ್ತರ 3,813, ಅಂದ್ರೆ 30ರಿಂದ ಭಾಗಿಸಿದಾರೆ, ಖಾಲಿ ದಿನಗಳನ್ನ ಸೊನ್ನೆ ಮಾಡಿದಾರೆ. ವಾಚ್‌ಮನ್ ರಜೆ ಹಾಕಿದ್ರೆ ಜನ ಸ್ನಾನ ಮಾಡಲ್ವಾ? ಎಕ್ಸೆಲ್‌ನ ಆವರೇಜ್ ಸೂತ್ರ ಕೂಡ ಖಾಲಿ ಸೆಲ್ ಬಿಟ್ಟೇ ಲೆಕ್ಕ ಮಾಡೋದು, ಸೊನ್ನೆ ಇದ್ರೆ ಮಾತ್ರ ಅದನ್ನ ಸೇರಿಸ್ಕೊಳ್ಳತ್ತೆ. ಮೇಲ್ ಹಾಕಿದೆ. ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ ಅಂತ ಉತ್ತರ ಬಂತು, ಅಷ್ಟೇ. ಆಮೇಲೆ ಇನ್ನೂ ಎರಡು ಸಲ ಇದೇ ಥರ ಆಯ್ತು.

ನಮ್ಮ ಪೇಢಿಯಲ್ಲಿ ಗೋಡಂಬಿ ಎದುರು ಸೊನ್ನೆ ಇದ್ರೆ ಮಾಲು ಮುಗಿದಿದೆ, ಆರ್ಡರ್ ಹಾಕ್ಬೇಕು. ಖಾಲಿ ಇದ್ರೆ ಯಾರೂ ಎಣಿಸಿಲ್ಲ, ಹುಡುಗನ್ನ ಗೋಡೌನಿಗೆ ಕಳಿಸ್ಬೇಕು. ನಮ್ಮನೆ ಕ್ಯಾಲೆಂಡರಲ್ಲಿ ಹಾಲಿನ ಲೆಕ್ಕ ಇನ್ನೊಂದು ಥರ, ಹಾಲು ಬರದ ದಿನ ಮಾತ್ರ ನನ್ನ ಹೆಂಡತಿ ಕಾಟು ಹಾಕ್ತಾಳೆ, ಖಾಲಿ ಇದ್ರೆ ಒಂದು ಲೀಟರ್ ಬಂದಿದೆ ಅಂತ. ಯಾರು ಬರೆದಿದ್ದು, ಹೇಗೆ ಬರೀತಾರೆ ಅಂತ ಕೇಳದೆ ಖಾಲಿ ಜಾಗಕ್ಕೆ ಕೈ ಹಾಕಬಾರದು, ಮತ್ತೆ ಇದನ್ನ ನನಗೆ ಕಲಿಸಿದ್ದೂ ಇದೇ ಆ್ಯಪಿನ ಹಳೇ ವಿವರಣೆಗಳೇ.

ನನಗೆ ನಿಜವಾಗಿ ಬೇಜಾರಾಗಿದ್ದು ಹೋದ ತಿಂಗಳು. ತಮ್ಮನ ಮಗಳು ಬಿ.ಕಾಂ. ಓದ್ತಿದಾಳೆ, ನನ್ನ ಜೊತೆ ಕೂತು ಒಗಟು ಬಿಡಿಸ್ತಾಳೆ, ಚುರುಕು ಹುಡುಗಿ. ಫೈಲ್ ತೆಗೆದ ತಕ್ಷಣ ಖಾಲಿ ಸೆಲ್‌ಗಳಿಗೆಲ್ಲ ಸೊನ್ನೆ ತುಂಬಿಸಿದ್ಲು. ಯಾಕೆ ಅಂದೆ. "ಸೊನ್ನೆ ಹಾಕಿದ್ರೆ ಹಸಿರು ಬರತ್ತೆ ದೊಡ್ಡಪ್ಪ" ಅಂದ್ಲು. ತಪ್ಪು ಅವಳದ್ದಲ್ಲ, ಏನು ಮಾಡಿದ್ರೆ ಟಿಕ್ ಬರತ್ತೋ ಅದನ್ನೇ ಕಲಿತಿದಾಳೆ. ನಾಳೆ ಯಾವುದೋ ಆಫೀಸಲ್ಲಿ ಇದನ್ನೇ ಮಾಡಿದ್ರೆ ಅಂತ ನನಗೆ ಕಳವಳ ಆಗತ್ತೆ. ಅವತ್ತು ಆ್ಯಪ್ ಮುಚ್ಚಿಟ್ಟು ಕ್ಯಾಲೆಂಡರ್ ಇಳಿಸಿ ಅವಳ ಹತ್ರ ಹಾಲಿನ ಲೆಕ್ಕ ಮಾಡಿಸಿದೆ.

ಐದರಲ್ಲಿ ಮೂರು ಸ್ಟಾರ್. ಬಿಟ್ಟಿಲ್ಲ, ಭಾನುವಾರದ ಆ ಹೊತ್ತು ನನಗೆ ಬೇಕು, ಆದ್ರೆ ವರ್ಷದ ಪ್ಲಾನ್ ತಗೊಂಡಿಲ್ಲ, ತಿಂಗಳು ತಿಂಗಳು ಕಟ್ತಿದೀನಿ. ಉತ್ತರದ ಪೆಟ್ಟಿಗೆ ಕೆಳಗೆ ಖಾಲಿ ಸೆಲ್‌ನ ಏನಂತ ಹಿಡಿದ್ವಿ ಅನ್ನೋದನ್ನ ಬರೆಯೋಕೆ ಒಂದೇ ಒಂದು ಸಾಲು ಜಾಗ ಕೊಡಿ, ಹಳೇ ಥರ ವಿವರಣೆ ಹಾಕಿ. ಹಾಕಿದ ತಿಂಗಳೇ ನನ್ನ, ತಮ್ಮನ ಮಗಳ ಇಬ್ಬರ ಹೆಸರಲ್ಲೂ ವರ್ಷದ್ದು ಕಟ್ತೀನಿ.