ಹಳೇ ಗ್ರೈಂಡರ್: ನಾವೇ ಬಿಚ್ಚುವುದಾ, ರಿವೈಂಡಿಂಗ್‌ಗೆ ಕೊಡುವುದಾ, ಹೊಸದು ತರುವುದಾ?

ಮಳೆಗಾಲ ಮುಗಿದ ಮೇಲೆ ತೋಟದ ಶೆಡ್ಡಿನ ಆಂಗಲ್ ಗ್ರೈಂಡರ್ (ಕಬ್ಬಿಣ ಕತ್ತರಿಸುವ, ಉಜ್ಜುವ ಕೈ ಮಿಷನ್) ಹಟ ಮಾಡುತ್ತಿದೆ, ಏನು ಮಾಡಲಿ ಅಂದಿರಿ. ಮೊದಲು ಕೆಟ್ಟಿದ್ದು ಏನು ಅಂತ ನೋಡಿ.

ಖರ್ಚು ನೋಡಿದರೆ ನಾವೇ ಬಿಚ್ಚುವುದೇ ಅಗ್ಗ, ಆದರೆ ತೊಂದರೆ ಸಣ್ಣದಿರಬೇಕು. ನಿಂತು ನಿಂತು ಓಡುತ್ತಿದೆಯಾ, ಒಳಗೆ ಕಿಡಿ ಜಾಸ್ತಿಯಾ? ತಿರುಗುವ ಭಾಗಕ್ಕೆ ಕರೆಂಟ್ ಕೊಡುವ ಕಾರ್ಬನ್ ಬ್ರಷ್ ಸವೆದಿರಬಹುದು. ಪ್ಲಗ್ ಕಿತ್ತು, ಎರಡೂ ಬ್ರಷ್ ಒಟ್ಟಿಗೇ ಬದಲಿಸಿ. ಗರಗರ ಸದ್ದು ಬೇರಿಂಗ್‌ನದು. ಅದರ ಮೇಲೆ 608 ಅಂತಲೋ 6201 ಅಂತಲೋ ನಂಬರ್ ಕೆತ್ತಿರುತ್ತದೆ, ಬರೆದುಕೊಂಡು ಅಂಗಡಿಗೆ ಹೋಗಿ. ಕೀಳಲು ಪುಲ್ಲರ್ (ಬೇರಿಂಗ್ ಹಿಡಿದು ಎಳೆಯುವ ಸಾಧನ) ಬೇಕು. ಸುಮ್ನೆ ಸುತ್ತಿಗೆಯಲ್ಲಿ ಹೊಡೆದರೆ ಶಾಫ್ಟ್ ಕೆಡುತ್ತದೆ. ವಾರಂಟಿ ಇನ್ನೂ ಇದ್ದರೆ ಮಾತ್ರ ಕೈ ಹಾಕಬೇಡಿ.

ಸುಟ್ಟ ವಾಸನೆ ಬಂದರೆ ಆರ್ಮೇಚರ್ (ಮೋಟಾರಿನ ತಿರುಗುವ ಸುರುಳಿ) ಅಥವಾ ಫೀಲ್ಡ್ ಕಾಯಿಲ್ (ಸುತ್ತಲಿನ ನಿಂತ ಸುರುಳಿ) ಹೋಗಿರಬಹುದು. ನಾಲ್ಕಿಂಚಿನ ಸಣ್ಣ ಮಿಷನ್‌ಗೆ ರಿವೈಂಡಿಂಗ್, ಅಂದರೆ ಸುಟ್ಟ ತಂತಿ ತೆಗೆದು ಹೊಸದು ಸುತ್ತಿಸುವುದು, ಲೆಕ್ಕ ಕೂಡುವುದು ಕಷ್ಟ, ಹೊಸದರ ಬೆಲೆಯ ಹತ್ತಿರವೇ ಹೋಗಬಹುದು. ಬೆಂಚ್ ಗ್ರೈಂಡರ್, ಪಂಪ್ ಮೋಟಾರ್ ಆದರೆ ಕುಶಾಲನಗರಕ್ಕೋ ಮಡಿಕೇರಿಗೋ ಒಯ್ದರೂ ನಷ್ಟವಿಲ್ಲ.

ಬಾಳಿಕೆ ಅಂದರೆ ನಮ್ಮ ಕೊಡಗಿನ ತೇವದ ಮಾತೂ ಬರುತ್ತದೆ, ಅಲ್ವಾ? ಸುತ್ತಿದ ತಂತಿಗೆ ವಾರ್ನಿಷ್ ಕುಡಿಸಿ, ಚೆನ್ನಾಗಿ ಒಣಗಿಸಿ ಕೊಡಿ ಅಂತ ಒತ್ತಿ ಹೇಳಿ. ಅದು ಅರೆಬರೆ ಆದರೆ ಮುಂದಿನ ಜೂನ್‌ನಲ್ಲಿ ಮತ್ತೆ ಅದೇ ಕಥೆ.

ಕಾಫಿ ಕುಯ್ಲಿನ ಗಡಿಬಿಡಿಯಲ್ಲಿ ರಿಪೇರಿಗೆ ಕಾಯಲು ಪುರುಸೊತ್ತಿಲ್ಲದಿದ್ದರೆ ಹೊಸದೇ ತನ್ನಿ, ಹಳೆಯದನ್ನು ಬಿಡಿಭಾಗಕ್ಕೆ ಇಟ್ಟುಕೊಳ್ಳಿ. ಗೇರ್ ಬಾಕ್ಸ್‌ನ ಮೈ ಬಿರುಕು ಬಿಟ್ಟಿದ್ದರೂ ಅಷ್ಟೇ. ಅದಕ್ಕೆ ಎಂ-ಸೀಲ್ ಮೆತ್ತಿ ಓಡಿಸುವವರನ್ನು ನೋಡಿದರೆ ನನಗೆ ಭಯ.