ಹಿತ್ತಲ ಹಕ್ಕಿಗೆ 8×42 ಬೈನಾಕ್ಯುಲರ್ ಸಾಕು

ಬೈನಾಕ್ಯುಲರ್ ಕೇಳಿದರೆ ಸಾಕು, ಅಂಗಡಿಯವರು 20 ಪಟ್ಟು, 30 ಪಟ್ಟಿನದ್ದೇ ತೆಗೆದು ತೋರಿಸುತ್ತಾರೆ. ಹಿತ್ತಲಲ್ಲಿ ಹಕ್ಕಿ ನೋಡುವವರಿಗೆ ಅದು ಬೇಡವೇ ಬೇಡ. ಪಟ್ಟು ಜಾಸ್ತಿಯಾದಷ್ಟೂ ಕೈ ನಡುಕವೂ ಜಾಸ್ತಿ ಕಾಣುತ್ತದೆ, ನೋಟವೂ ಕಿರಿದಾಗುತ್ತದೆ. ಹಕ್ಕಿ ಎಲ್ಲಿ ಅಂತ ಹುಡುಕುವಷ್ಟರಲ್ಲಿ ಅದು ಪಕ್ಕದ ಮನೆ ಸೇರಿರುತ್ತದೆ.

ತುಮಕೂರಿನ ಹತ್ತಿರ ಕ್ಯಾತ್ಸಂದ್ರದ ನಮ್ಮ ಮನೆಯಲ್ಲಿ ಬಳಸುತ್ತಿರುವುದು 8×42. ಎಂಟು ಪಟ್ಟು ಹತ್ತಿರ, ಮುಂದಿನ ಗಾಜು 42 ಮಿಲಿಮೀಟರ್ ಅಗಲ. ಗಾಜು ಅಗಲ ಇರುವುದರಿಂದ ಬೆಳಕು ಹೆಚ್ಚು ಒಳಗೆ ಬರುತ್ತದೆ, ಬೆಳಕು ಹರಿಯುವ ಹೊತ್ತಿಗೇ ದಾಸವಾಳದ ಬೇಲಿಯೊಳಗೆ ಏನಿದೆ ಅಂತ ಕಾಣುತ್ತದೆ.

ನನಗೆ ಇದು ಬೇಕಾಗಿದ್ದೇ ಏಪ್ರಿಲ್‌ಗೆ. ಚಳಿಗಾಲವೆಲ್ಲ ನಮ್ಮಲ್ಲಿದ್ದ ಸಣ್ಣ ಉಲಿಯಕ್ಕಿಗಳು ಆಗ ಉತ್ತರಕ್ಕೆ ಹೊರಡುತ್ತವೆ. ಬ್ಲೈತ್ಸ್ ರೀಡ್ ವಾರ್ಬ್ಲರ್ ಅನ್ನೇ ತಗೊಳ್ಳಿ. ತೂಕ ಹತ್ತು ಹನ್ನೆರಡು ಗ್ರಾಂ, ಮರಿ ಮಾಡುವುದು ರಷ್ಯಾ, ಫಿನ್‌ಲ್ಯಾಂಡ್ ಕಡೆ! ಪೊದೆಯೊಳಗೇ ಕೂತು ‘ಚೆಕ್, ಚೆಕ್’ ಅನ್ನುತ್ತದೆ, ಹೊರಗೆ ಬರುವುದು ಕಡಿಮೆ. ಆದರೆ ಕೆಲವೊಮ್ಮೆ ಅಡುಗೆಮನೆ ಕಿಟಕಿಯ ಪಕ್ಕದ ನಿಂಬೆಗಿಡಕ್ಕೇ ಬರುತ್ತದೆ. ಅಷ್ಟು ಹತ್ತಿರ ಬಂದಾಗ ಎಷ್ಟೋ ಬೈನಾಕ್ಯುಲರ್‌ಗಳಲ್ಲಿ ಬರೀ ಮಂಜು. ನನ್ನದರಲ್ಲಿ 2 ಮೀಟರ್ ದೂರದ್ದೂ ಸ್ಪಷ್ಟ. ಕಣ್ಣಿನ ಮೇಲಿನ ತಿಳಿ ಗೆರೆ, ಕೊಕ್ಕಿನಲ್ಲಿ ಒದ್ದಾಡುವ ಹುಳ, ಕಡ್ಡಿ ಹಿಡಿದ ಕಾಲು ಎಲ್ಲಾ ಕಾಣುತ್ತದೆ.

ಕಾಲನ್ನು ನಾನು ಬಿಡದೆ ನೋಡುತ್ತೇನೆ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಪಕ್ಷಿತಜ್ಞ ಸಲೀಂ ಅಲಿಯವರ ಕಾಲದಿಂದಲೂ, ಹಕ್ಕಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ತಿಳಿಯಲು, ವಲಸೆ ಹಕ್ಕಿಗಳ ಕಾಲಿಗೆ ನಂಬರಿನ ಉಂಗುರ ತೊಡಿಸುತ್ತಾ ಬಂದಿದ್ದಾರೆ. ನಮ್ಮ ಹಿತ್ತಲಿಗೆ ಅಂಥದ್ದು ಇನ್ನೂ ಬಂದಿಲ್ಲ. ಬಂದರೂ ಬೈನಾಕ್ಯುಲರ್‌ನಲ್ಲಿ ಉಂಗುರದ ಹೊಳಪು ಕಂಡೀತು, ಇಷ್ಟು ಸಣ್ಣ ಹಕ್ಕಿಯ ನಂಬರ್ ಓದಲು ಆಗುವುದಿಲ್ಲ. ಹಾಗಂತ ನಾವೇ ಬಲೆ ಕಟ್ಟಿ ಹಿಡಿಯುವ ಹಾಗಿಲ್ಲ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅನುಮತಿ ಬೇಕು, ಕೈ ಪಳಗಿರಲೂ ಬೇಕು. ಬಲೆಯಿಂದ ಬಿಡಿಸುವಾಗ ಸ್ವಲ್ಪ ಎಡವಟ್ಟಾದರೂ ರೆಕ್ಕೆ ಮುರಿಯಬಹುದು. ಆ ಜೀವ ಇನ್ನೂ ಸಾವಿರಾರು ಕಿಲೋಮೀಟರ್ ಹಾರಬೇಕು, ಅಲ್ವಾ?

ಈ ಬೈನಾಕ್ಯುಲರ್‌ನ ತೊಂದರೆ ಅಂದರೆ ಭಾರ. ಮುಕ್ಕಾಲು ಕೆಜಿಗೆ ಸ್ವಲ್ಪ ಕಡಿಮೆ. ದೇವರಾಯನದುರ್ಗ ಹತ್ತುವಾಗ ಕುತ್ತಿಗೆ ಹಿಡಿದುಕೊಳ್ಳುತ್ತದೆ, ಹೆಗಲಿಗೆ ಹಾಕುವ ಪಟ್ಟಿ ಬೇರೆ ಕೊಳ್ಳಬೇಕು. ಮನೆಯಲ್ಲಿ ಆ ಗೋಳಿಲ್ಲ.

ಕೊಳ್ಳುವಾಗ ಸುಮ್ನೆ ದೂರದ ಬೋರ್ಡ್ ನೋಡಿ ಒಪ್ಪಬೇಡಿ. ಎರಡು ಹೆಜ್ಜೆ ಆಚೆ ಒಂದು ಬಿಲ್ ಇಡಿಸಿ, ಅದರ ಸಣ್ಣ ಅಕ್ಷರ ಓದಿ. ಕನ್ನಡಕ ಇದ್ದರೆ ಹಾಕಿಕೊಂಡೇ ನೋಡಿ.