ಒಂದೇ ಎಲ್ಡನ್ ರಿಂಗ್, ಎರಡು ಕನ್ಸೋಲ್: ಇಷ್ಟು ದಿನ ಆಡಿದ ಮೇಲೆ

ಎಲ್ಡನ್ ರಿಂಗ್ ಗೇಮ್ 2022ರ ಫೆಬ್ರವರಿಯಲ್ಲಿ ಬಂದಾಗ ಮೊದಲು ಪ್ಲೇಸ್ಟೇಷನ್ 5ರಲ್ಲಿ ಆಡಿ ಮುಗಿಸಿದೆ. ಆಮೇಲೆ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಮನೆಗೆ ಬಂತು. ಅದರಲ್ಲಿ ಮತ್ತೆ ಮೊದಲಿನಿಂದ ಶುರು. ಇದರ ಸೇವ್, ಅಂದರೆ ಆಡಿ ಉಳಿಸಿಟ್ಟದ್ದು, ಅದಕ್ಕೆ ಹೋಗುವುದಿಲ್ಲವಲ್ಲ, ಹಾಗಾಗಿ ಶುರುವಿನಲ್ಲೇ ಅಡ್ಡ ನಿಲ್ಲುವ ದೊಡ್ಡ ಶತ್ರು (ಬಾಸ್) ಮಾರ್ಗಿಟ್ ಕೈಲಿ ಎರಡು ಸುತ್ತು ಒದೆ ತಿಂದಿದ್ದೇನೆ. ಎರಡು ಕನ್ಸೋಲೂ ಒಂದೇ ಟಿವಿಗೆ ಸೇರಿವೆ: 55 ಇಂಚು, 4ಕೆ, 120 ಹರ್ಟ್ಸ್ (ಸೆಕೆಂಡಿಗೆ 120 ಸಲ ಚಿತ್ರ ಬದಲಿಸುತ್ತದೆ), ಆ ವೇಗವನ್ನು ಕನ್ಸೋಲ್‌ಗೆ ತಕ್ಕಂತೆ ಹೊಂದಿಸಿಕೊಳ್ಳುವ ವಿಆರ್‌ಆರ್ ಇದೆ.

ಯಾವುದರಲ್ಲಿ ಚಿತ್ರ ಚೆನ್ನಾಗಿದೆ ಅಂತ ಕೇಳುವವರಿಗೆ ನನ್ನ ಉತ್ತರ ಇಷ್ಟೇ. ನಿಂತು ನೋಡಿದರೆ ಎರಡೂ ಒಂದೇ. ಕುದುರೆ ಓಡಿಸಿದರೆ ಬೇರೆ ಬೇರೆ.

ಈ ಮಾತಿಗೆ ಬರುವ ಮೊದಲು ಒಂದು ಪೆದ್ದುತನ ಮಾಡಿದ್ದೆ, ಅದನ್ನು ಹೇಳಿಬಿಡುತ್ತೇನೆ. ಎಕ್ಸ್‌ಬಾಕ್ಸ್ ಹಾಕಿದ ಹೊಸದರಲ್ಲಿ ಬಣ್ಣ ಗಟ್ಟಿಯಾಗಿ, ಕಪ್ಪು ಕಡುಕಪ್ಪಾಗಿ ಕಂಡಿತು. ಆಗಿನ್ನೂ ಬೆಳಕು-ಕತ್ತಲೆಯ ಅಂತರ ಹಿಗ್ಗಿಸುವ ಎಚ್‌ಡಿಆರ್ ಆನ್ ಮಾಡಿರಲಿಲ್ಲ. ‘ನೋಡು, ಪ್ಲೇಸ್ಟೇಷನ್ ಇದರ ಮುಂದೆ ಸಪ್ಪೆ’ ಅಂತ ಒಂದಿಬ್ಬರಿಗೆ ಹೇಳಿಯೂ ಆಯಿತು. ಆಮೇಲೆ ಒಂದು ಗುಹೆಗೆ ಹೋದೆ. ಗೋಡೆ ಎಲ್ಲಿ, ದಾರಿ ಎಲ್ಲಿ ಏನೂ ಕಾಣಲಿಲ್ಲ. ಕೈಯಲ್ಲಿ ಪಂಜು ಹಿಡಿದರೂ ಬೆಳಕಿನ ಸುತ್ತ ಬರೀ ಮಸಿ. ಅದೇ ಗುಹೆ ಪ್ಲೇಸ್ಟೇಷನ್‌ನಲ್ಲಿ ಪಂಜಿಲ್ಲದೆಯೂ ಮಸುಕಾಗಿ ಕಾಣುತ್ತಿತ್ತು. ಹುಡುಕಿದರೆ, ಎಕ್ಸ್‌ಬಾಕ್ಸ್‌ನ ಕಲರ್ ಸ್ಪೇಸ್‌ನಲ್ಲಿ ನಾನೇ ಯಾವಾಗಲೋ ‘ಪಿಸಿ ಆರ್‌ಜಿಬಿ’ ಆರಿಸಿಟ್ಟಿದ್ದೆ. ಅಂದರೆ ಅದು ಕಪ್ಪಿನಿಂದ ಬಿಳಿಯವರೆಗಿನ ಮಟ್ಟಗಳನ್ನು 0ಯಿಂದ 255ರವರೆಗೆ ಕಳಿಸುತ್ತಿದೆ. ಟಿವಿ 16ರಿಂದ 235 ಬರುತ್ತದೆ ಅಂದುಕೊಂಡು ಕೂತಿದೆ. 16ಕ್ಕಿಂತ ಕೆಳಗಿನದೆಲ್ಲ ಕಪ್ಪು ಮುದ್ದೆ. ‘ಸ್ಟ್ಯಾಂಡರ್ಡ್’ ಮಾಡಿದ ಕೂಡಲೇ ಎರಡೂ ಒಂದೇ ಥರ ಆದವು. ಇಂಥ ಹೋಲಿಕೆಗಳಲ್ಲಿ ‘ಬಣ್ಣ ಬೇರೆ ಇದೆ’ ಅಂತ ಯಾರಾದರೂ ಬರೆದರೆ ನಾನು ಮೊದಲು ಅನುಮಾನ ಪಡುವುದು ಅವರ ಟಿವಿಯ ಮೇಲೆ. ಟಿವಿ ಒಂದೊಂದು ಎಚ್‌ಡಿಎಂಐ ಪೋರ್ಟಿಗೂ ಬೇರೆ ಬೇರೆ ಪಿಕ್ಚರ್ ಸೆಟ್ಟಿಂಗ್ ಇಟ್ಟುಕೊಂಡಿರುತ್ತದೆ ಅನ್ನುವುದು ನನಗೂ ಆಗಲೇ ಗೊತ್ತಾಗಿದ್ದು.

ಈಗ ರೆಸಲ್ಯೂಷನ್, ಅಂದರೆ ಚಿತ್ರದಲ್ಲಿ ಎಷ್ಟು ಪಿಕ್ಸೆಲ್ ಅನ್ನುವುದು. ಕಾಗದದ ಮೇಲೆ ಸೀರೀಸ್ ಎಕ್ಸ್‌ಗೆ ಸುಮಾರು 12 ಟೆರಾಫ್ಲಾಪ್ (ಗ್ರಾಫಿಕ್ಸ್ ಚಿಪ್‌ನ ಲೆಕ್ಕ ಮಾಡುವ ಶಕ್ತಿಯ ಅಳತೆ), ಪ್ಲೇಸ್ಟೇಷನ್ 5ಕ್ಕೆ 10.28. ಈ ಗೇಮ್‌ನಲ್ಲಿ ಎರಡರ ಮೇಲೂ ಬರೆದಿರುವುದು ‘4ಕೆವರೆಗೆ’. ಆ ‘ವರೆಗೆ’ಯಲ್ಲೇ ಎಲ್ಲ ಅಡಗಿದೆ. ಚಿತ್ರದ ಅಂದಕ್ಕಿಂತ ವೇಗಕ್ಕೆ ಒತ್ತು ಕೊಡುವ ಫ್ರೇಮ್ ರೇಟ್ ಮೋಡ್‌ನಲ್ಲಿ ಹೊರೆ ಜಾಸ್ತಿಯಾದಾಗ ರೆಸಲ್ಯೂಷನ್ ತಾನಾಗಿ ಇಳಿಯುತ್ತದೆ. ಅದನ್ನು ಕಣ್ಣಲ್ಲಿ ಹಿಡಿಯಬಹುದಾ? ಒಂದು ಲೆಕ್ಕ ಹಾಕಿ ನೋಡಿದೆ. 55 ಇಂಚಿನ 4ಕೆ ಪರದೆಯಲ್ಲಿ ಒಂದು ಪಿಕ್ಸೆಲ್ ಸುಮಾರು 0.32 ಮಿಲಿಮೀಟರ್. ಸಾಮಾನ್ಯ ದೃಷ್ಟಿಯವರಿಗೆ ಅದು ಬಿಡಿಬಿಡಿಯಾಗಿ ಕಾಣಬೇಕಾದರೆ ಸುಮಾರು 1.1 ಮೀಟರ್ ಒಳಗೆ ಕೂರಬೇಕು. ನಾನು ಕೂರುವುದು ಎಂಟು ಅಡಿ ದೂರದಲ್ಲಿ, ಅಂದರೆ ಹತ್ತಿರ ಹತ್ತಿರ ಎರಡೂವರೆ ಮೀಟರ್. ಅಷ್ಟು ದೂರಕ್ಕೆ 1800ಪಿ ಯಾವುದು, 2160ಪಿ (ಪೂರ್ತಿ 4ಕೆ) ಯಾವುದು ಅಂತ ಹೇಳಿ ಅಂದರೆ ನಾನು ಸೋತೆ. ಹೋಲಿಕೆ ವಿಡಿಯೋಗಳಲ್ಲಿ ಚಿತ್ರವನ್ನು ನಾಲ್ಕು ಪಟ್ಟು ಹಿಗ್ಗಿಸಿ ಒಂದು ಹುಲ್ಲಿನ ಎಸಳಿಗೆ ಬಾಣದ ಗುರುತು ಹಾಕಿರುತ್ತಾರೆ. ನೋಡಲು ಮಜಾ, ಇಲ್ಲ ಅನ್ನುವುದಿಲ್ಲ. ಸೋಫಾದ ಮೇಲೆ ಕೂತವನಿಗೆ ಕಾಣುವುದು ಎಸಳಲ್ಲ, ದೂರದ ಹುಲ್ಲು ಮಿಣಮಿಣ ಅನ್ನುವುದು. ಆ ಮಿಣುಕು ಎರಡರಲ್ಲೂ ಇದೆ. ಓಡುವಾಗ ಮುಂದೆ ಹುಲ್ಲು ತಟ್ಟನೆ ಮೂಡುವುದೂ ಎರಡರಲ್ಲೂ ಇದೆ.

ಹಾಗಾದರೆ ಬೇರೆ ಎಲ್ಲಿ? ಗೇಮ್‌ನ ಮೊದಲ ಪ್ರದೇಶ ಲಿಮ್‌ಗ್ರೇವ್‌ನ ಅಘೀಲ್ ಕೆರೆಯ ಹತ್ತಿರ ನಮ್ಮ ಕುದುರೆ ಟಾರೆಂಟ್ ಮೇಲೆ ಕೂತು ಕ್ಯಾಮೆರಾ ಪಕ್ಕಕ್ಕೆ ತಿರುಗಿಸಿ. ಡ್ರ್ಯಾಗನ್ ಬೆಂಕಿ ಉಗುಳುವಾಗ ಇನ್ನೂ ಒಳ್ಳೆಯದು. ಫ್ರೇಮ್ ರೇಟ್ ಮೋಡ್ ಅಂತ ಹೆಸರಿದ್ದರೂ ಸೆಕೆಂಡಿಗೆ 60 ಫ್ರೇಮ್ ನಿಲ್ಲುವುದಿಲ್ಲ, ನಲವತ್ತರ ಕೊನೆಗೂ ಅರವತ್ತಕ್ಕೂ ನಡುವೆ ಜೋಲಿ ಹೊಡೆಯುತ್ತದೆ. ಇಲ್ಲಿ ವಿಆರ್‌ಆರ್ ಕೈ ಹಿಡಿಯಬೇಕು, ಅಂದರೆ ಟಿವಿ ಕನ್ಸೋಲ್‌ನ ತಾಳಕ್ಕೆ ಹೆಜ್ಜೆ ಹಾಕಬೇಕು. ಎಕ್ಸ್‌ಬಾಕ್ಸ್‌ಗೆ ಇದು ಗೇಮ್ ಬಂದ ದಿನದಿಂದಲೂ ಇತ್ತು. ಪ್ಲೇಸ್ಟೇಷನ್ 5ಕ್ಕೆ 2022ರ ಏಪ್ರಿಲ್‌ನಲ್ಲಿ ಅಪ್‌ಡೇಟ್ ಆಗಿ ಬಂತು, ಅದೂ 48ರಿಂದ 120 ಹರ್ಟ್ಸ್ ಒಳಗೆ ಮಾತ್ರ. ಈ ಗೇಮ್ ಆ 48ರ ಹೊಸ್ತಿಲಲ್ಲೇ ಒದ್ದಾಡುತ್ತದೆ. ಮೇಲಿದ್ದಾಗ ನುಣುಪು, ಕೆಳಗೆ ಜಾರಿದ ಕೂಡಲೇ ಗಡಗಡ. ಎಕ್ಸ್‌ಬಾಕ್ಸ್ 48ರ ಕೆಳಗೂ ಸಂಭಾಳಿಸುತ್ತದೆ, ಹಾಗಾಗಿ ಕುಸಿತ ಅಷ್ಟಾಗಿ ಗೊತ್ತಾಗುವುದಿಲ್ಲ. ವಿಆರ್‌ಆರ್ ಇಲ್ಲದ ಟಿವಿಯಾದರೆ ಈ ಲಾಭ ಪೂರ್ತಿ ಹೋಯಿತು.

ಪ್ಲೇಸ್ಟೇಷನ್ ಇರುವವರಿಗೆ ಒಂದು ಅಡ್ಡದಾರಿ ಇದೆ, ಹಳೆಯ ಆಟಗಾರರಿಗೆಲ್ಲ ಗೊತ್ತಿರುವುದೇ. ಪ್ಲೇಸ್ಟೇಷನ್ 4ರ ಆವೃತ್ತಿಯನ್ನು 5ರ ಮೇಲೆ ಆಡುವುದು. ನನ್ನ ಡಿಜಿಟಲ್ ಕಾಪಿಯಲ್ಲಿ ಎರಡೂ ಆವೃತ್ತಿ ಇದ್ದವು. ಹುಲ್ಲು ತೆಳುವಾಗುತ್ತದೆ, ನೆರಳು ಒರಟಾಗುತ್ತದೆ, ಆದರೆ 60 ಹೆಚ್ಚುಕಡಿಮೆ ಅಲುಗಾಡದೆ ನಿಲ್ಲುತ್ತದೆ. ಮೊದಲ ಹತ್ತು ನಿಮಿಷ ‘ಅಯ್ಯೋ, ಬಯಲು ಬೋಳು ಬೋಳು’ ಅನ್ನಿಸಿತು. ಆಮೇಲೆ ಹುಲ್ಲಿನ ನೆನಪೇ ಬರಲಿಲ್ಲ, ಹೊರಳಿ ತಪ್ಪಿಸಿಕೊಳ್ಳುವ ಲೆಕ್ಕ ಸರಿಯಾಗಿ ಕೂಡತೊಡಗಿತು. ಈ ದಾರಿ ನನಗೆ ಗೊತ್ತಾಗಿದ್ದು ನೂರು ಗಂಟೆ ಆಡಿದ ಮೇಲೆ. 4ರ ಸೇವ್ ಅನ್ನು 5ಕ್ಕೆ ತರಬಹುದು, 5ರದನ್ನು 4ಕ್ಕೆ ಒಯ್ಯಲಾಗದು. ಹೊಟ್ಟೆ ಉರಿಯಿತು, ಅಲ್ವಾ ಮತ್ತೆ?

ವೇಗ ಬಿಟ್ಟು ಚಿತ್ರಕ್ಕೆ ಒತ್ತು ಕೊಡುವ ಕ್ವಾಲಿಟಿ ಮೋಡ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸ್ಕ್ರೀನ್‌ಶಾಟ್ ತೆಗೆಯಲು ಚೆನ್ನ. ಆಡಲು ಎರಡು ಕನ್ಸೋಲಿನಲ್ಲೂ ಕಾಲಿಗೆ ಕಲ್ಲು ಕಟ್ಟಿದ ಹಾಗೆ. 2023ರ ಮಾರ್ಚ್‌ನಲ್ಲಿ ರೇ ಟ್ರೇಸಿಂಗ್ (ಬೆಳಕಿನ ದಾರಿ ಲೆಕ್ಕ ಹಾಕಿ ನೆರಳು ಮೂಡಿಸುವುದು) ಬಂದಾಗ ಆಸೆಯಿಂದ ಹಾಕಿದೆ. ಮರದ ಬುಡದ ನೆರಳು ಸ್ವಲ್ಪ ಮೆತ್ತಗಾಯಿತು, ಫ್ರೇಮ್ ಇನ್ನಷ್ಟು ಬಿತ್ತು. ತೆಗೆದುಬಿಟ್ಟೆ.

ಎಕ್ಸ್‌ಬಾಕ್ಸ್‌ನ ಚಿಕ್ಕ ಕನ್ಸೋಲ್ ಸೀರೀಸ್ ಎಸ್ ಅನ್ನು ಗೆಳೆಯನ ಹತ್ತಿರ ಒಂದು ವಾರ ಆಡಿದ್ದೆ. ಅದರ ಮಿತಿ 1440ಪಿ. ದೂರದ ಕೋಟೆಯ ಅಂಚು ಮೆತ್ತಗಿತ್ತು, ಇದು ಮಾತ್ರ ಸೋಫಾದಿಂದಲೂ ಕಂಡಿತು. ಚಿಕ್ಕ ಟಿವಿಯಾದರೆ ನಡೆಯುತ್ತದೆ.

ಪ್ಲೇಸ್ಟೇಷನ್ ಒಂದು ಕಡೆ ಗೆಲ್ಲುತ್ತದೆ, ಅದು ಚಿತ್ರಕ್ಕೆ ಸಂಬಂಧಿಸಿದ್ದಲ್ಲ: ಸತ್ತ ಮೇಲೆ ಬೇಗ ಎದ್ದು ಬರುತ್ತೇವೆ. ಒಂದೇ ಬಾಸ್ ಕೈಲಿ ಮೂವತ್ತು ಸಲ ಸಾಯುವವನಿಗೆ ಇದು ಸಣ್ಣ ವಿಷಯ ಅಲ್ಲ.

2024ರ ಜೂನ್‌ನಲ್ಲಿ ಬಂದ ಡಿಎಲ್‌ಸಿಯನ್ನು (ಗೇಮ್‌ಗೆ ಸೇರಿಸಿದ ಹೊಸ ಭಾಗ) ಎಕ್ಸ್‌ಬಾಕ್ಸ್‌ನಲ್ಲೇ ಆಡಿದೆ, ಫ್ರೇಮ್ ರೇಟ್ ಮೋಡ್, ವಿಆರ್‌ಆರ್ ಆನ್, ರೇ ಟ್ರೇಸಿಂಗ್ ಆಫ್. ಪ್ಲೇಸ್ಟೇಷನ್‌ನಲ್ಲಿ 4ರ ಆವೃತ್ತಿಯಲ್ಲಿ ಹೊಸ ಪಾತ್ರ ಶುರು ಮಾಡಿದ್ದೇನೆ. ಸದ್ಯಕ್ಕೆ ಮತ್ತೆ ಮಾರ್ಗಿಟ್ ಮುಂದೆ ನಿಂತಿದ್ದೇನೆ.